ತಿಂಗಳ ಫೈರ್ ಚೆಕ್: ಟಿಕ್ ಹಾಕುವ ಮೊದಲು ನಿಜವಾಗಿ ಏನು ನೋಡಬೇಕು?

ಲೆಕ್ಕದ ಮೇಜು, ನಾಪೋಕ್ಲು:

ಎಲ್ಲರಿಗೂ ನಮಸ್ಕಾರ.

ಕೊಡಗಿನ ನಾಪೋಕ್ಲಿನಲ್ಲಿ ಕಾಫಿ, ಕಾಳುಮೆಣಸು ವ್ಯಾಪಾರದ ಒಂದು ಆಫೀಸಿನಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಆರು ವರ್ಷ ಆಯಿತು. ಕಟ್ಟಡ ಮೂರು ಅಂತಸ್ತಿನದು. ಕೆಳಗೆ ಗೋದಾಮು, ಅದರ ಹಿಂಬದಿಯಲ್ಲಿ ಕಾಫಿ ಸಿಪ್ಪೆ ತೆಗೆಯುವ ಚಿಕ್ಕ ಹಲ್ಲರ್. ನಡುವಿನ ಮಹಡಿಯಲ್ಲಿ ನಮ್ಮ ಆಫೀಸು. ಮೇಲಿನದನ್ನು ಕಂಪ್ಯೂಟರ್ ಕ್ಲಾಸಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ಸಂಜೆ ಹೊತ್ತು ಅಲ್ಲಿ ಇಪ್ಪತ್ತು ಮಕ್ಕಳಾದರೂ ಇರುತ್ತಾರೆ. ಎಲ್ಲರೂ ಇಳಿಯಲು ಇರುವುದು ಒಂದೇ ಮೆಟ್ಟಿಲು.

ನಮ್ಮಲ್ಲಿ ಫೈರ್ ಚೆಕ್ ರಿಜಿಸ್ಟರ್ ಅಂತ ಒಂದು ಪುಸ್ತಕ ಇದೆ. ಇಷ್ಟು ವರ್ಷ ಅದನ್ನು ನೋಡಿಕೊಂಡವರು ನಮ್ಮ ರೈಟರ್ ಅಣ್ಣ. ಜೂನ್ ಕೊನೆಗೆ ಅವರು ಕೆಲಸ ಬಿಟ್ಟು ಊರಿಗೆ ಹೋದರು. ಯಜಮಾನರು ಪುಸ್ತಕ ತಂದು ನನ್ನ ಮೇಜಿನ ಮೇಲಿಟ್ಟು, "ಇನ್ನು ಮೇಲೆ ನೀನೇ ನೋಡಿಕೋ ಅಮ್ಮ" ಅಂದರು. ತೆರೆದು ನೋಡಿದೆ. ಪ್ರತಿ ತಿಂಗಳ 1ನೇ ತಾರೀಖು, ಬೆಂಕಿ ಆರಿಸುವ ಏಳು ಸಿಲಿಂಡರಿಗೆ ಏಳು ಟಿಕ್, ಕೆಳಗೆ ಸಹಿ. ಒಂದು ತಿಂಗಳೂ ತಪ್ಪಿಲ್ಲ. ಮಳೆಗೆ ಆಫೀಸು ಮುಚ್ಚಿದ್ದ ದಿನಕ್ಕೂ ಟಿಕ್ ಇದೆ. ಅವರ ಮೇಲೆ ತಪ್ಪು ಹೊರಿಸಲು ಇದನ್ನು ಬರೆಯುತ್ತಿಲ್ಲ. ತುಂಬಾ ಒಳ್ಳೆಯ ಮನುಷ್ಯ. ಏನು ನೋಡಬೇಕು ಅಂತ ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ, ಅಷ್ಟೇ. ಈಗ ನನಗೂ ಯಾರೂ ಹೇಳಿಕೊಟ್ಟಿಲ್ಲ.

ಜುಲೈ 1ರಂದು ಪುಸ್ತಕ ಹಿಡಿದು ಕೆಳಗೆ ಇಳಿದೆ. ಗೋದಾಮಿನ ಬಾಗಿಲ ಪಕ್ಕದ ಸಿಲಿಂಡರನ್ನು ಗೋಡೆಯಿಂದ ಇಳಿಸಿದೆ. ರಬ್ಬರ್ ಪೈಪಿನ ಬಾಯಿ ಮಣ್ಣಿನಿಂದ ಮುಚ್ಚಿಹೋಗಿತ್ತು. ಕುಂಬಾರ ಹುಳ ಒಳಗೆ ಗೂಡು ಕಟ್ಟಿದೆ. ಉಗುರಿನಲ್ಲಿ ಕೆರೆದರೂ ಬರಲಿಲ್ಲ, ಅಷ್ಟು ಗಟ್ಟಿ. ಒಳಗಿನ ಪ್ರೆಶರ್ ತೋರಿಸುವ ಗೇಜಿನ ಮುಳ್ಳು ಹಸಿರಿನಲ್ಲೇ ಇದೆ. ಸೀಲ್ ಇದೆ. ಚೀಟಿಯಲ್ಲಿ ತಾರೀಖೂ ಇದೆ. ದೂರದಿಂದ ನೋಡಿದರೆ ಎಲ್ಲ ಸರಿ! ಬೆಂಕಿ ಬಿದ್ದ ದಿನ ಯಾರಾದರೂ ಪಿನ್ ಎಳೆದು ಒತ್ತಿದ್ದರೆ? ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಉಳಿದದ್ದನ್ನೂ ಒಂದೊಂದಾಗಿ ಇಳಿಸಿ ನೋಡಿದೆ. ಹಲ್ಲರ್ ಪಕ್ಕದ್ದರ ಮುಳ್ಳು ಕೆಂಪಿಗೆ ಇಳಿದಿದೆ. ಗೋದಾಮಿನ ಮೇಲೆ ಎರಡು ಸ್ಮೋಕ್ ಡಿಟೆಕ್ಟರ್ ಇವೆ, ಎರಡಕ್ಕೂ ಪ್ಲಾಸ್ಟಿಕ್ ಮುಚ್ಚಳ ಹಾಗೇ ಇದೆ. ಹಿಂದೆ ಯಾವಾಗಲೋ ಬಣ್ಣ ಹೊಡೆಯುವಾಗ ಹಾಕಿದ್ದು, ಯಾರೂ ತೆಗೆದೇ ಇಲ್ಲ. ಮೆಟ್ಟಿಲ ಕೆಳಗೆ ಖಾಲಿ ಗೋಣಿಚೀಲದ ಕಟ್ಟುಗಳು, ಅದರ ಪಕ್ಕದಲ್ಲೇ ಜನರೇಟರಿಗೆ ತಂದ ಡೀಸೆಲ್ ಕ್ಯಾನ್. ಹಿಂದಿನ ಬಾಗಿಲಿಗೆ ಹೊರಗಿನಿಂದ ದೊಡ್ಡ ಬೀಗ, ಕೀ ಇರುವುದು ಯಜಮಾನರ ಮನೆಯಲ್ಲಿ. ಅದಕ್ಕೂ ಕಾರಣ ಇದೆ. ಹಿಂದೊಮ್ಮೆ ಆ ಬಾಗಿಲಿನಿಂದ ಎರಡು ಮೂಟೆ ಮೆಣಸು ಕಳುವಾಗಿತ್ತು.

ಇನ್ನು ನಮ್ಮ ಆಫೀಸು. ಈಗ ಕಕ್ಕಡ ತಿಂಗಳ ಜೋರು ಮಳೆ. ಬೆಳಿಗ್ಗೆ ಬಸ್ಸಿಳಿದು ಬರುವಷ್ಟರಲ್ಲಿ ಎಲ್ಲರೂ ಒದ್ದೆ. ರೂಮ್ ಹೀಟರ್ ಮುಂದೆ ಕುರ್ಚಿ ಎಳೆದು ಜರ್ಕಿನ್, ಸ್ವೆಟರ್, ಸಾಕ್ಸ್ ಎಲ್ಲ ಒಣಗಲು ಹಾಕುತ್ತೇವೆ. ನಾನೂ ಹಾಕುತ್ತಿದ್ದೆ. ಈಗ ಅದನ್ನು ನೋಡಿದರೇ ಭಯ ಆಗುತ್ತದೆ.

ನಮಗೆ ಫೈರ್ ಇಂಜಿನ್ ಬರಬೇಕಾದ್ದು ಮಡಿಕೇರಿಯಿಂದ, ಸುಮಾರು 20 ಕಿಲೋಮೀಟರ್. ಮರ ಬಿದ್ದರೆ ದಾರಿ ಬಂದ್. ಬೊಳಿಬಾಣೆಯಲ್ಲಿ ಹೊಳೆ ನೀರು ರಸ್ತೆಗೆ ಬಂದರೆ ಮೂರ್ನಾಡು ಕಡೆಯಿಂದ ಬರುವ ಹಾಗೇ ಇಲ್ಲ. ಹಾಗಾಗಿ ಮೊದಲ ಹತ್ತು ಹದಿನೈದು ನಿಮಿಷ ನಮ್ಮ ಕೈಯಲ್ಲೇ ಇರುತ್ತದೆ ಅಲ್ವಾ?

ತಿಳಿದವರು ಹೇಳಿ. ಸಿಲಿಂಡರನ್ನು ಸರಿಯಾಗಿ ನೋಡುವುದು ಹೇಗೆ? ಎರಡಕ್ಕೆ ಗೇಜೇ ಇಲ್ಲ, ಅದನ್ನು ಏನು ಮಾಡಬೇಕು? ಕಳ್ಳರ ಭಯವೂ ಇರಬಾರದು, ಬಾಗಿಲೂ ತೆರೆಯಬೇಕು, ಇದಕ್ಕೆ ಏನಾದರೂ ದಾರಿ ಇದೆಯಾ? ರಿಜಿಸ್ಟರಿನಲ್ಲಿ ಟಿಕ್ ಬಿಟ್ಟು ಬೇರೆ ಏನು ಬರೆಯಬೇಕು? ಸುಮ್ನೆ ಸಹಿ ಹಾಕಲು ನನಗೆ ಮನಸ್ಸಿಲ್ಲ.


ಕೂಡಿಗೆ ಎಲೆಕ್ಟ್ರಿಷಿಯನ್:

ತಂಗಿ, ವಯಸ್ಸಿನಲ್ಲಿ ದೊಡ್ಡವನು, ಹಾಗಾಗಿ ತಂಗಿ ಅನ್ನುತ್ತೇನೆ. ಕುಶಾಲನಗರ ಕಡೆ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ 23 ವರ್ಷ ಕೆಲಸ ಮಾಡಿದ್ದೇನೆ. ಫೈರ್ ಚೆಕ್ ನನ್ನ ಪಾಲಿಗೇ ಇತ್ತು. ನೀವು ಸಿಲಿಂಡರನ್ನು ಗೋಡೆಯಿಂದ ಇಳಿಸಿ ನೋಡಿದಿರಲ್ಲ, ಅರ್ಧ ಕೆಲಸ ಅಲ್ಲೇ ಆಯಿತು. ಕೈಗೆ ತೆಗೆದುಕೊಳ್ಳದೆ ಯಾವುದಕ್ಕೂ ಟಿಕ್ ಹಾಕಬೇಡಿ.

ಗೇಜ್ ಇರುವುದು ಸಾಮಾನ್ಯವಾಗಿ ಪುಡಿಯ ಸಿಲಿಂಡರ್. ಎಬಿಸಿ ಪುಡಿ ಅಂತ ಮೇಲೆ ಬರೆದಿರುತ್ತದೆ. ಮುಳ್ಳು ಹಸಿರಿನಲ್ಲಿ ಇರಬೇಕು, ಪಿನ್ನು ಸೀಲು ಇರಬೇಕು, ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇನ್ನೂ ಇದೆ. ಪೈಪಿನ ಬಾಯಿಗೆ ಟಾರ್ಚ್ ಬಿಟ್ಟು ನೋಡಿ. ಪೈಪನ್ನು ಬಗ್ಗಿಸಿ, ಬಿರುಕು ಇದ್ದರೆ ಆಗ ಕಾಣುತ್ತದೆ. ಆಮೇಲೆ ಸಿಲಿಂಡರನ್ನು ನಿಧಾನವಾಗಿ ತಲೆಕೆಳಗು ಮಾಡಿ ಕಿವಿ ಕೊಡಿ. ಡಬ್ಬಿಯಲ್ಲಿ ಹಿಟ್ಟು ಜಾರುವ ಹಾಗೆ ಪುಡಿ ಜಾರಬೇಕು. ನಮ್ಮ ಥಂಡಿಗೆ, ಒಂದೇ ಕಡೆ ವರ್ಷಗಟ್ಟಲೆ ನಿಂತದ್ದಕ್ಕೆ ಪುಡಿ ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ. ಆಗ ಗೇಜ್ ಹಸಿರು ತೋರಿಸಿದರೂ ಬರೀ ಗಾಳಿ ಬರುತ್ತದೆ, ಪುಡಿ ಬರುವುದಿಲ್ಲ. ತಳವನ್ನೂ ನೋಡಿ. ಮಳೆಗಾಲದಲ್ಲಿ ನೆಲ ಒರೆಸಿದ ನೀರು ತಾಗಿ ತುಕ್ಕು ಮೊದಲು ಹಿಡಿಯುವುದು ಅಲ್ಲೇ. ಬಣ್ಣ ಉಬ್ಬಿ ಗುಳಿ ಬಿದ್ದಿದ್ದರೆ ಅದನ್ನು ಬಳಕೆಯಿಂದ ತೆಗೆಯಿರಿ. ಒಳಗೆ ಪ್ರೆಶರ್ ಇರುವ ವಸ್ತು ಅದು.

ಕೆಲಸ ಮಾಡುತ್ತದಾ ನೋಡೋಣ ಅಂತ ಒಂದು ಚೂರು ಒತ್ತಿ ನೋಡಬೇಡಿ. ಈ ತಪ್ಪನ್ನು ತುಂಬಾ ಜನ ಮಾಡುತ್ತಾರೆ. ಒಮ್ಮೆ ಒತ್ತಿದರೆ ವಾಲ್ವ್‌ನಲ್ಲಿ ಪುಡಿ ಸಿಕ್ಕಿಕೊಳ್ಳುತ್ತದೆ. ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಪ್ರೆಶರ್ ಸ್ವಲ್ಪ ಸ್ವಲ್ಪವಾಗಿ ಸೋರಿ, ಕೆಲವು ದಿನದಲ್ಲಿ ಖಾಲಿ. ಹಲ್ಲರ್ ಪಕ್ಕದ್ದು ಕೆಂಪಿಗೆ ಬಂದಿರುವುದು ಹೀಗೇ ಇರಬಹುದು, ಕೇಳಿ ನೋಡಿ.

ಗೇಜ್ ಇಲ್ಲದ ಎರಡು, ಅಗಲ ಬಾಯಿಯ ಕಪ್ಪು ಹಾರ್ನ್ ಇರುವವಾದರೆ, ಸಿಒ2, ಅಂದರೆ ಕಾರ್ಬನ್ ಡೈಆಕ್ಸೈಡ್ ಗ್ಯಾಸಿನವು. ಅದನ್ನು ನೋಡುವ ದಾರಿ ಒಂದೇ, ತೂಗುವುದು. ನಿಮ್ಮ ಗೋದಾಮಿನಲ್ಲಿ ಕಾಫಿ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಇದ್ದೇ ಇರುತ್ತದೆ. ರೀಫಿಲ್ ಮಾಡಿದವರು ಪೂರ್ತಿ ತೂಕವನ್ನು ಚೀಟಿಯಲ್ಲಿ ಬರೆದಿರಬೇಕು. ಬರೆದಿಲ್ಲ ಅಂದರೆ ಈ ಸಲ ಬರೆಸಿಕೊಳ್ಳಿ. ಒಳಗಿನ ಗ್ಯಾಸಿನಲ್ಲಿ ಹತ್ತರಲ್ಲಿ ಒಂದು ಪಾಲು ಕಡಿಮೆಯಾಗಿದ್ದರೆ ರೀಫಿಲ್‌ಗೆ ಕಳಿಸಬೇಕು. 4.5 ಕಿಲೋದ್ದಾದರೆ 450 ಗ್ರಾಂ. ಬಳಸುವಾಗ ಹಾರ್ನನ್ನು ಬರಿಗೈಯಲ್ಲಿ ಹಿಡಿಯಬಾರದು, ಚರ್ಮ ಹೆಪ್ಪುಗಟ್ಟುವಷ್ಟು ತಣ್ಣಗಾಗುತ್ತದೆ. ಚಿಕ್ಕ ಕೋಣೆಯಲ್ಲಿ ಬಿಟ್ಟರೆ ಕೂಡಲೇ ಹೊರಗೆ ಬರಬೇಕು, ಉಸಿರಾಡಲು ಗಾಳಿ ಉಳಿಯುವುದಿಲ್ಲ. ಈ ಎರಡನ್ನು ಕರೆಂಟ್ ಪ್ಯಾನೆಲ್ ಮತ್ತು ಯುಪಿಎಸ್ ಹತ್ತಿರ ಇಡಿ. ಪುಡಿ ಹೊಡೆದರೂ ಕರೆಂಟಿನ ಬೆಂಕಿ ಆರುತ್ತದೆ, ಆದರೆ ಕಂಪ್ಯೂಟರ್ ಮತ್ತೆ ಬಳಕೆಗೆ ಬರುವುದು ಕಷ್ಟ.

ಇದು ತಿಂಗಳ ಮಾತು. ಇದಲ್ಲದೆ ಪ್ರೆಶರ್ ಟೆಸ್ಟ್ ಅಂತ ಇದೆ. ಪುಡಿಯದ್ದಕ್ಕೆ 3 ವರ್ಷಕ್ಕೊಮ್ಮೆ, ಸಿಒ2ಗೆ 5 ವರ್ಷಕ್ಕೊಮ್ಮೆ. ಚೀಟಿಯಲ್ಲಿ ರೀಫಿಲ್ ತಾರೀಖು ಮಾತ್ರ ಇದ್ದು ಟೆಸ್ಟ್ ತಾರೀಖು ಇಲ್ಲದಿದ್ದರೆ ಕೇಳಲೇಬೇಕು. ಇನ್ನೊಂದು, ಎಲ್ಲಿ ನಿಂತರೂ 15 ಮೀಟರ್ ನಡೆಯುವಷ್ಟರಲ್ಲಿ ಒಂದು ಸಿಲಿಂಡರ್ ಕೈಗೆ ಸಿಗಬೇಕು. ಗೋಡೆಯಿಂದ ಗೋಡೆಗೆ ಟೇಪ್ ಹಿಡಿದು ಅಳೆಯಬೇಡಿ. ಮೂಟೆ ಅಟ್ಟಿಗಳನ್ನು ಸುತ್ತಿಕೊಂಡು ಹೋಗುವ ದಾರಿಯನ್ನು ಹೆಜ್ಜೆ ಹಾಕಿ ಅಳೆಯಿರಿ. ನಮ್ಮ ಸುಗ್ಗಿ ಹಬ್ಬ ಪುತ್ತರಿ ಕಳೆದು ಕಾಫಿ ಬರಲು ಶುರುವಾದ ಮೇಲೆ ಆ ದಾರಿ ಉದ್ದವಾಗುತ್ತದೆ. ಜನವರಿಯಲ್ಲಿ ಮತ್ತೆ ಅಳೆಯಬೇಕು.

ಹೀಟರ್ ವಿಷಯ. ಅದು 2,000 ವ್ಯಾಟಿನದಾದರೆ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅಂಗಡಿಯಲ್ಲಿ ಸಿಗುವ ಸಾಧಾರಣ ಎಕ್ಸ್‌ಟೆನ್ಷನ್ ಬಾಕ್ಸ್ ತಡೆಯುವುದು 6 ಆಂಪಿಯರ್. ಅರ್ಧ ಗಂಟೆ ಓಡಿದ ಮೇಲೆ ಹೀಟರ್ ಆಫ್ ಮಾಡಿ ಪ್ಲಗ್ ಮುಟ್ಟಿ ನೋಡಿ. ಬಿಸಿ ಇದ್ದರೆ ಅಲ್ಲೇ ಒಳಗೆ ಸುಡುತ್ತಿದೆ ಅಂತ ಅರ್ಥ. ದೊಡ್ಡ 16 ಆಂಪಿಯರ್ ಸಾಕೆಟ್‌ಗೇ ಹಾಕಬೇಕು. ಬಟ್ಟೆ ಅದರ ಮುಂದೆ ಬೇಡವೇ ಬೇಡ. ವರಾಂಡದಲ್ಲಿ ಹಗ್ಗ ಕಟ್ಟಿ ಒಂದು ಫ್ಯಾನ್ ಬಿಡಿ. ಒಣಗಲು ತಡವಾಗುತ್ತದೆ, ಆಗಲಿ.

ಕರೆಂಟ್ ಬೋರ್ಡಿನಲ್ಲಿ, ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ ಮೇಲೆ ಟಿ ಅಂತ ಬರೆದ ಚಿಕ್ಕ ಬಟನ್ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ. ಸ್ವಿಚ್ ಟಪ್ ಅಂತ ಬೀಳಬೇಕು. ಬೀಳದಿದ್ದರೆ ಅದು ಸತ್ತಿದೆ. ಪ್ಯಾನೆಲ್ ಬಾಗಿಲನ್ನು ನೀವು ತೆರೆಯಬೇಡಿ. ವರ್ಷಕ್ಕೊಮ್ಮೆ ಲೈಸೆನ್ಸ್ ಇರುವವರನ್ನು ಕರೆಸಿ ಕರೆಂಟ್ ತೆಗೆದು ಸ್ಕ್ರೂ ಬಿಗಿ ಮಾಡಿಸಿ. ಲೂಸ್ ಆದ ಸ್ಕ್ರೂ ಬಿಸಿಯಾಗುತ್ತದೆ, ಬಿಸಿಯಾದದ್ದು ಇನ್ನೂ ಲೂಸ್ ಆಗುತ್ತದೆ. ಒಳಗೆ ಹಲ್ಲಿ, ಇರುವೆ ಸೇರಿಕೊಂಡಿರುತ್ತವೆ. ಗೋದಾಮಿನಲ್ಲಿ ಇಲಿ ವೈರ್ ಕಡಿದಿರುತ್ತದೆ. ವೈರ್ ಹೋಗುವ ದಾರಿಯನ್ನೆಲ್ಲ ಟಾರ್ಚ್ ಹಿಡಿದು ನೋಡಿಸಿ.

ಕೊನೆಗೆ ಹಲ್ಲರ್. ನಿಮ್ಮ ಕಟ್ಟಡದಲ್ಲಿ ನನಗೆ ಜಾಸ್ತಿ ಭಯ ಇರುವುದು ಅದರದ್ದೇ. ಒಣಗಿದ ಕಾಫಿ ಸಿಪ್ಪೆಯ ದೂಳು ಮೋಟಾರ್ ಮೇಲೆ, ಲೈಟ್ ಮೇಲೆ, ಪ್ಯಾನೆಲ್ ತಲೆಯ ಮೇಲೆ ಪದರ ಪದರವಾಗಿ ಕೂರುತ್ತದೆ. ನಮ್ಮಲ್ಲಿ ಒಂದು ಸಂಜೆ ಚ್ಯೂಟಿಗೆ, ಅಂದರೆ ಕಾಫಿ ಜಾರಿ ಬರುವ ತಗಡಿನ ದಾರಿಗೆ, ವೆಲ್ಡಿಂಗ್ ಮಾಡಿದರು. ಕಿಡಿ ಬಿದ್ದ ಜಾಗಕ್ಕೆ ನೀರು ಹಾಕಿದರು, ಸುತ್ತ ನೋಡಿದರು, ಆರೂವರೆಗೆ ಬೀಗ ಹಾಕಿ ಹೋದರು. ಒಂದು ಕಿಡಿ ಪಕ್ಕದ ಸಿಪ್ಪೆ ರಾಶಿಯ ಒಳಗೆ ಹೋಗಿತ್ತು. ಜ್ವಾಲೆ ಇಲ್ಲ, ಬೆಳಕಿಲ್ಲ. ಒಳಗೊಳಗೇ ಹೊಗೆಯಾಡುತ್ತಾ ಇತ್ತು. ರಾತ್ರಿ ಒಂಬತ್ತಕ್ಕೆ ವಾಚ್‌ಮನ್ ಮಾವನಿಗೆ ವಾಸನೆ ಬಂತು. ಅವರು ಬೀಡಿ ಸೇದುವವರಲ್ಲ, ಹಾಗಾಗಿ ಮೂಗು ಚುರುಕು. ಅವರು ಇಲ್ಲದಿದ್ದರೆ ಆ ಗೋದಾಮು ಬೆಳಗಿನವರೆಗೆ ಉಳಿಯುತ್ತಿರಲಿಲ್ಲ. ಆ ದಿನದಿಂದ ವೆಲ್ಡಿಂಗ್ ಆದರೂ ಸರಿ, ಮಿಷನ್ ಓಡಿಸಿದ್ದರೂ ಸರಿ, ಮುಗಿದ ಮೇಲೆ ಒಂದು ಗಂಟೆ ಕಾದು, ಇನ್ನೊಂದು ಸುತ್ತು ಬಂದು, ಆಮೇಲೆಯೇ ನಾನು ಬೀಗ ಹಾಕುತ್ತಿದ್ದೆ. ದೂಳು ತೆಗೆಯಲು ಏರ್ ಪೈಪಿನಿಂದ ಊದಬೇಡಿ. ಗಾಳಿಯಲ್ಲಿ ಹಾರುವ ದೂಳಿಗೆ ಕಿಡಿ ತಾಗಿದರೆ ಒಮ್ಮೆಗೇ ಹೊತ್ತಿಕೊಳ್ಳುತ್ತದೆ. ಬ್ರಷ್, ಒದ್ದೆ ಬಟ್ಟೆ ಸಾಕು.

ಡಿಟೆಕ್ಟರ್ ಮುಚ್ಚಳವನ್ನು ಇವತ್ತೇ ತೆಗೆಯಿರಿ. ದೂಳಿಗೆ ಸುಮ್ಮಸುಮ್ಮನೆ ಕೂಗಿದರೆ ಆ ಜಾಗಕ್ಕೆ ಶಾಖಕ್ಕೆ ಕೂಗುವ ಬೇರೆ ತರದ್ದು ಸಿಗುತ್ತದೆ, ಅದನ್ನು ಹಾಕಿಸಿ.


ಕಕ್ಕಬ್ಬೆ ಹೋಂಸ್ಟೇ:

ಡಿಟೆಕ್ಟರ್ ಬಗ್ಗೆ ನನ್ನದೊಂದು ಮಾತು ಅಕ್ಕ. ನಮ್ಮ ಕಡೆ ಕಿಟಕಿ ತೆರೆದಿಟ್ಟರೆ ಮಂಜು ರೂಮಿನ ಒಳಗೇ ಬರುತ್ತದೆ. ಡಿಟೆಕ್ಟರ್ ಅದನ್ನೇ ಹೊಗೆ ಅಂದುಕೊಂಡು ಕೂಗುತ್ತದೆ. ಮೊದಲ ಮಳೆಗೆ ಬರುವ ಚಿಕ್ಕ ಹುಳ ಒಳಗೆ ಹೋದರೂ ಕೂಗುತ್ತದೆ. ನಡುರಾತ್ರಿ ಎರಡು ಸಲ ಹಾಗಾದ ಮೇಲೆ ನಮ್ಮ ಹುಡುಗ ಬ್ಯಾಟರಿಯನ್ನೇ ಕಿತ್ತಿಟ್ಟಿದ್ದ. ನನಗೆ ಗೊತ್ತಾದದ್ದು ಒಂದು ತಿಂಗಳ ನಂತರ. ಅಷ್ಟೂ ದಿನ ಆ ರೂಮಿನಲ್ಲಿ ಗೆಸ್ಟ್‌ಗಳು ಮಲಗಿದ್ದಾರೆ, ಚಿಕ್ಕ ಮಕ್ಕಳೂ ಇದ್ದರು.

ಈಗ ಪ್ರತಿ ತಿಂಗಳು ಮೃದು ಬ್ರಷ್‌ನಲ್ಲಿ ಹೊರಗಿನ ಜಾಲರಿ ಒರೆಸುತ್ತೇನೆ, ಟೆಸ್ಟ್ ಬಟನ್ ಒತ್ತಿ ಶಬ್ದ ಕೇಳುತ್ತೇನೆ. ಬಾಗಿಲು ಮುಚ್ಚಿದ ಪಕ್ಕದ ರೂಮಿನಲ್ಲಿ ನಿಂತು ಇನ್ನೊಬ್ಬರ ಹತ್ತಿರ ಒತ್ತಿಸಿ. ಮಳೆ ಸುರಿಯುವಾಗಲೇ ಒತ್ತಿಸಬೇಕು. ನಮ್ಮ ಶೀಟಿನ ಮೇಲೆ ಬೀಳುವ ಮಳೆಯ ಸದ್ದಿಗೆ ಕೆಳಗಿನ ಅಲಾರಂ ಮೇಲೆ ಕೇಳಿಸುವುದೇ ಇಲ್ಲ. ನಿಮ್ಮ ಮೇಲಿನ ಮಹಡಿಯ ಮಕ್ಕಳಿಗೆ ಕೇಳಿಸುತ್ತದಾ, ಒಮ್ಮೆ ನೋಡಿ.


ನಿವೃತ್ತ ಫೈರ್‌ಮನ್, ಮಡಿಕೇರಿ:

ಮೇಡಂ, ಅಗ್ನಿಶಾಮಕ ದಳದಲ್ಲಿ ಇದ್ದವನು ನಾನು. ಸಿಲಿಂಡರ್ ಬಗ್ಗೆ ಎಲೆಕ್ಟ್ರಿಷಿಯನ್ ಅಣ್ಣ ಬರೆದದ್ದಕ್ಕೆ ಸೇರಿಸಲು ಏನೂ ಇಲ್ಲ. ನಾನು ಬಾಗಿಲಿನ ಬಗ್ಗೆ ಬರೆಯುತ್ತೇನೆ.

2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿತ್ತು. ಅದೂ ನಿಮ್ಮ ಹಾಗೆ ಜನ ಬೆಳಿಗ್ಗೆ ಬಂದು ಸಂಜೆ ಹೋಗುವ ಆಫೀಸುಗಳ ಕಟ್ಟಡ. 9 ಜನ ತೀರಿಕೊಂಡರು. ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದವರೂ ಇದ್ದರು. ನಮ್ಮ ಕೆಲಸದಲ್ಲಿ ಇದ್ದವರಿಗೆಲ್ಲ ಗೊತ್ತು, ಜ್ವಾಲೆ ಮುಟ್ಟುವ ಮೊದಲೇ ಹೊಗೆ ಮುಟ್ಟುತ್ತದೆ. ಹೊಗೆಯಲ್ಲಿ ಮನುಷ್ಯ ಬಾಗಿಲ ಹತ್ತಿರ ಬಂದಾಗ ಅದು ತಳ್ಳಿದರೆ ತೆರೆಯಬೇಕು. ಕೀ ಹುಡುಕಲು ಆಗುವುದಿಲ್ಲ. ಕಣ್ಣು ಬಿಡಲೇ ಆಗುವುದಿಲ್ಲ.

ಹಾಗಾಗಿ ಒಳಗೆ ಒಬ್ಬರೇ ಇದ್ದರೂ ಹಿಂದಿನ ಬಾಗಿಲಿಗೆ ಬೀಗ ಇರಬಾರದು. ಒಳಗಡೆ ಒಂದೇ ಚಿಲಕ, ಕೈ ಎತ್ತರದಲ್ಲಿ, ಒಂದೇ ಎಳೆತಕ್ಕೆ ಬರುವಂಥದ್ದು. ಕಳ್ಳರ ಭಯಕ್ಕೆ ಬಾಗಿಲಿನಲ್ಲಿ ಆಯಸ್ಕಾಂತದ ಚಿಕ್ಕ ಅಲಾರಂ ಹಾಕಿಸಿ. ಬಾಗಿಲು ತೆರೆದರೆ ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಕೂಗುತ್ತದೆ. ಸಂಜೆ ಎಲ್ಲರೂ ಹೋದ ಮೇಲೆ ಬೀಗ ಹಾಕಲಿ, ಬೆಳಿಗ್ಗೆ ಮೊದಲು ಬಂದವರು ತೆಗೆಯಲಿ. ಅದನ್ನೂ ರಿಜಿಸ್ಟರಿನಲ್ಲಿ ಬರೆಯಲಿ.

ಯಜಮಾನರು ಒಪ್ಪದಿದ್ದರೆ ಕಾನೂನಿನ ಮಾತನ್ನೂ ಹೇಳಬಹುದು. ಕರೆಂಟ್ ಮಿಷನ್ ಇಟ್ಟು 10 ಜನ ಕೆಲಸ ಮಾಡುವ ಕಡೆ 1948ರ ಕಾರ್ಖಾನೆ ಕಾಯ್ದೆ ಬರುತ್ತಿತ್ತು, 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂತು. ಹಳೇ ಕಾಯ್ದೆಯ 38ನೇ ಸೆಕ್ಷನ್ ಪೂರ್ತಿ ಬೆಂಕಿಯದ್ದೇ ಆಗಿತ್ತು. ತಪ್ಪಿಸಿಕೊಳ್ಳುವ ದಾರಿ ಇರಬೇಕು, ಆರಿಸುವ ಸಾಮಾನು ಇರಬೇಕು, ಆ ದಾರಿ ಎಲ್ಲ ಕೆಲಸಗಾರರಿಗೆ ಗೊತ್ತಿರಬೇಕು, ಏನು ಮಾಡಬೇಕೆಂದು ಅವರಿಗೆ ಕಲಿಸಿರಬೇಕು. ಆದರೆ ಮೊದಲು ಮಕ್ಕಳ ಮಾತು ಹೇಳಿ. ನನ್ನ ಅನುಭವದಲ್ಲಿ ಅದಕ್ಕೆ ಯಾರೂ ಇಲ್ಲ ಅನ್ನುವುದಿಲ್ಲ.

ಇನ್ನು ಮೆಟ್ಟಿಲು. ಬೆಂಕಿ ಕೆಳಗೆ ಬಿದ್ದರೆ ಮೆಟ್ಟಿಲೇ ಹೊಗೆ ಕೊಳವೆ ಆಗುತ್ತದೆ. ಅದರ ಕೆಳಗೆ ಗೋಣಿ, ಡೀಸೆಲ್ ಎರಡೂ ಇಟ್ಟಿದ್ದೀರಿ! ಇದನ್ನು ಓದುವಾಗ ನಾನು ಕುಳಿತಲ್ಲಿಂದ ಎದ್ದು ನಿಂತೆ. ಡೀಸೆಲ್ ಹೊರಗಿನ ಶೆಡ್ಡಿಗೆ ಹೋಗಲಿ. ಗೋದಾಮಿಗೂ ಮೆಟ್ಟಿಲಿಗೂ ನಡುವೆ ಬಾಗಿಲು ಇದ್ದರೆ ಸದಾ ಮುಚ್ಚಿರಲಿ, ಇಲ್ಲದಿದ್ದರೆ ಹಾಕಿಸಿ. ಇಳಿಯಲು ಆಗದಷ್ಟು ಹೊಗೆ ಬಂದರೆ ಮಕ್ಕಳನ್ನು ಮೆಟ್ಟಿಲಿಗೆ ಬಿಡಬಾರದು. ಕ್ಲಾಸಿನ ಬಾಗಿಲು ಹಾಕಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ರಸ್ತೆ ಕಡೆಯ ಕಿಟಕಿ ಹತ್ತಿರ ಬರಬೇಕು. ಇದನ್ನು ಕ್ಲಾಸಿನ ಮೇಷ್ಟ್ರಿಗೆ ನೀವೇ ಹೋಗಿ ಹೇಳಿ. ಕಟ್ಟಡದ ಹೊರಗೆ ಒಂದು ಕಬ್ಬಿಣದ ಮೆಟ್ಟಿಲು ಹಾಕಿಸಲು ಯಜಮಾನರನ್ನು ಕೇಳುತ್ತಲೇ ಇರಿ. ಒಂದು ಸಲಕ್ಕೆ ಆಗುವ ಕೆಲಸ ಅಲ್ಲ ಅದು.

ಗೋಣಿಗೆ ಬೆಂಕಿ ಹಿಡಿದರೆ ಪುಡಿ ಹೊಡೆದ ಕೂಡಲೇ ಜ್ವಾಲೆ ಆರುತ್ತದೆ. ಆರಿತು ಅಂತ ಬಿಡಬೇಡಿ. ಸೆಣಬು, ಹತ್ತಿ ಒಳಗೇ ಕೆಂಡ ಹಿಡಿದುಕೊಳ್ಳುವ ವಸ್ತುಗಳು. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಫೋರ್ಟ್ ಸ್ಟಿಕಿನ್ ಹಡಗು ಸ್ಫೋಟವಾಗಿ ನಮ್ಮ ಇಲಾಖೆಯ ಹಿರಿಯರು ಎಷ್ಟೋ ಜನ ಪ್ರಾಣ ಬಿಟ್ಟರು. ಆ ಹಡಗಿನಲ್ಲಿ ಮದ್ದುಗುಂಡಿನ ಜೊತೆ ಹತ್ತಿ ಮೂಟೆಯೂ ಇತ್ತು. ಅವರ ನೆನಪಿಗೇ ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸಪ್ತಾಹ ಮಾಡುವುದು. ಕರೆಂಟ್ ತೆಗೆದು, ಮೂಟೆಯನ್ನು ಹೊರಗೆ ಎಳೆದು, ಬಿಚ್ಚಿ, ಒಳಗಿನವರೆಗೆ ನೀರು ಹಾಕಬೇಕು. ಡೀಸೆಲ್‌ಗೆ, ಕರೆಂಟಿಗೆ ನೀರು ಬೇಡ.

ಸಿಲಿಂಡರ್ ಒತ್ತುವವರು ಬಾಗಿಲಿಗೆ ಬೆನ್ನು ಮಾಡಿ ನಿಲ್ಲಬೇಕು. ಜ್ವಾಲೆಗೆ ಅಲ್ಲ, ಬೆಂಕಿಯ ಬುಡಕ್ಕೆ ಹಿಡಿದು ಪಕ್ಕದಿಂದ ಪಕ್ಕಕ್ಕೆ ಆಡಿಸಬೇಕು. 6 ಕಿಲೋ ಪುಡಿ ಬರುವುದು ಹದಿನೈದು ಸೆಕೆಂಡಿನಷ್ಟು ಹೊತ್ತು ಮಾತ್ರ. ಬೆಂಕಿ ನಿಮ್ಮ ಎತ್ತರಕ್ಕಿಂತ ಮೇಲೆ ಹೋಗಿದ್ದರೆ ಸಿಲಿಂಡರ್ ಬಿಟ್ಟು ಹೊರಗೆ ಬನ್ನಿ.

101 ಅಥವಾ 112ಕ್ಕೆ ಫೋನ್ ಮಾಡುವುದನ್ನು ಬೆಂಕಿ ಆರಿಸಲು ಹೋಗುವ ಮೊದಲೇ ಮಾಡಿ. ಬೆಂಕಿ ಆರಿತು, ಬರಬೇಡಿ ಅಂತ ಆಮೇಲೆ ಹೇಳಿದರೆ ನಮ್ಮವರಿಗೆ ಬೇಜಾರಿಲ್ಲ. ಯಾವ ಕಟ್ಟಡ, ಹತ್ತಿರ ಏನಿದೆ, ಒಳಗೆ ಜನ ಇದ್ದಾರಾ, ಏನು ಸುಡುತ್ತಿದೆ, ಇಷ್ಟು ಹೇಳಿ. ಬೊಳಿಬಾಣೆಯಲ್ಲಿ ನೀರು ಇದ್ದರೆ ಅದನ್ನೂ ಹೇಳಿ. ಹತ್ತಿರ ಬಂದು ವಾಪಸ್ಸು ತಿರುಗಿಸುವುದು ತಪ್ಪುತ್ತದೆ.


ಲೆಕ್ಕದ ಮೇಜು, ನಾಪೋಕ್ಲು:

ಮೂವರಿಗೂ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಹತ್ತು ದಿನ ಆಯಿತು. ಆದದ್ದನ್ನು ಬರೆಯುತ್ತೇನೆ.

ಡೀಸೆಲ್ ಮತ್ತು ಗೋಣಿ ಅದೇ ಸಂಜೆ ಹೊರಗೆ ಹೋದವು. ಅದಕ್ಕೆ ಯಾರನ್ನೂ ಕೇಳಲಿಲ್ಲ. ಡಿಟೆಕ್ಟರ್ ಮುಚ್ಚಳ ತೆಗೆಸಿದೆ. ಮಳೆ ಜೋರಾಗಿ ಬರುವಾಗ ಬಟನ್ ಒತ್ತಿಸಿ ಮೇಲೆ ಹೋಗಿ ನಿಂತೆ. ಕಕ್ಕಬ್ಬೆಯವರು ಹೇಳಿದ್ದು ನಿಜ, ಕ್ಲಾಸಿನಲ್ಲಿ ಕೇಳಿಸಲೇ ಇಲ್ಲ. ಮೇಲೆ ಇನ್ನೊಂದು ಗಂಟೆ ಹಾಕಿಸುವುದು ಅಂತ ಆಗಿದೆ.

ಸಿಒ2 ಎರಡನ್ನೂ ಕಾಫಿ ತಕ್ಕಡಿಗೆ ಹಾಕಿದೆ. ಒಂದರ ತೂಕ ಚೀಟಿಗೆ ಸರಿಯಾಗಿದೆ. ಇನ್ನೊಂದು 700 ಗ್ರಾಂ ಕಡಿಮೆ. ತೂಗಲು ಸಹಾಯ ಮಾಡಿದ ಹುಡುಗ ನಾಲ್ಕು ವರ್ಷದಿಂದ ದಿನಾ ಅದರ ಪಕ್ಕದಲ್ಲೇ ನಿಂತು ಮೂಟೆ ಹೊಲಿಯುತ್ತಿದ್ದಾನೆ. "ಇದು ಖಾಲಿ ಆಗುತ್ತೆ ಅಂತಲೇ ಗೊತ್ತಿರಲಿಲ್ಲ ಅಕ್ಕ" ಅಂದ. ಹಲ್ಲರ್ ಪಕ್ಕದ್ದನ್ನು ಹೋದ ವರ್ಷ ಯಾರೋ ಒಮ್ಮೆ ಒತ್ತಿ ನೋಡಿದ್ದರಂತೆ. ಎಲೆಕ್ಟ್ರಿಷಿಯನ್ ಅಣ್ಣ ಹೇಳಿದ ಹಾಗೇ.

ಯಜಮಾನರ ಹತ್ತಿರ ಬಾಗಿಲಿನ ಮಾತು ಸುಲಭ ಆಗಲಿಲ್ಲ. ಮೊದಲ ದಿನ "ಮೆಣಸು ಹೋದರೆ ನೀನು ಕೊಡುತ್ತೀಯಾ" ಅಂದರು. ನಾನು ವಾದ ಮಾಡಲಿಲ್ಲ. ಸಂಜೆ ಐದೂವರೆಗೆ ಅವರನ್ನು ಮೇಲಿನ ಮಹಡಿಗೆ ಕರೆದುಕೊಂಡು ಹೋದೆ. ಕ್ಲಾಸ್ ತುಂಬಿತ್ತು. ಅವರ ಅಣ್ಣನ ಮೊಮ್ಮಗಳೂ ಅಲ್ಲೇ ಕುಳಿತಿದ್ದಳು. ಅವರು ಏನೂ ಹೇಳದೆ ಕೆಳಗೆ ಇಳಿದರು. ಮರುದಿನ ಬೆಳಿಗ್ಗೆ ಬಡಗಿ ಬಂದು ಒಳ ಚಿಲಕ ಹಾಕಿದ. ಅಲಾರಂ ಮಡಿಕೇರಿಯಿಂದ ಬಂತು. ಹಗಲು ಬೀಗ ಇಲ್ಲ. ಕಬ್ಬಿಣದ ಮೆಟ್ಟಿಲಿಗೆ ಇನ್ನೂ ಹೂಂ ಅಂದಿಲ್ಲ. ಕೇಳುತ್ತಲೇ ಇರುತ್ತೇನೆ.

ಶನಿವಾರ ಒಂದು ಡ್ರಿಲ್ ಮಾಡಿದೆವು. ಗಂಟೆ ಹೊಡೆದ ಮೇಲೆ ಎಲ್ಲರೂ ಎದುರಿನ ಅಂಗಳಕ್ಕೆ ಬರಲು 4 ನಿಮಿಷ ಹಿಡಿಯಿತು. ಮಕ್ಕಳು ಬೇಗ ಬಂದರು. ತಡ ಆದದ್ದು ನಮ್ಮ ಆಫೀಸಿನವರೇ, ಬ್ಯಾಗು, ಕೊಡೆ, ಟಿಫಿನ್ ಎಲ್ಲ ಎತ್ತಿಕೊಂಡು ಬಂದರು. ಹಲ್ಲರ್ ಹತ್ತಿರ ಇದ್ದ ಇಬ್ಬರು ಅಸ್ಸಾಮಿನವರು ಬರಲೇ ಇಲ್ಲ. ಮಿಷನ್ ಸದ್ದಿಗೆ ಕೇಳಿಸಿಲ್ಲ, ಕನ್ನಡದಲ್ಲಿ ಬರೆದ ಬೋರ್ಡು ಅವರಿಗೆ ಓದಲೂ ಬರುವುದಿಲ್ಲ. ಇದು ನನಗೆ ಹೊಳೆದೇ ಇರಲಿಲ್ಲ. ಈಗ ಬಾಣ ಮತ್ತು ಓಡುವ ಮನುಷ್ಯನ ಚಿತ್ರದ ಬೋರ್ಡು ಹಾಕಿಸಿದ್ದೇನೆ. ಹಲ್ಲರ್ ಆಫ್ ಮಾಡಿ ಅವರನ್ನು ಕರೆದುಕೊಂಡು ಬರುವ ಜವಾಬ್ದಾರಿ ಮೂಟೆ ಹೊಲಿಯುವ ಹುಡುಗನದ್ದು. ಎರಡನೇ ಸಲ 2 ನಿಮಿಷದಲ್ಲಿ ಎಲ್ಲರೂ ಹೊರಗಿದ್ದರು. ಹೆಸರು ಕೂಗಿ ಎಣಿಸಿದೆ, ಸರಿ ಬಂತು.

ರಿಜಿಸ್ಟರಿನಲ್ಲಿ ಟಿಕ್ ಕಾಲಂ ತೆಗೆದಿದ್ದೇನೆ. ಏನು ಸಿಕ್ಕಿತು, ಯಾರಿಗೆ ಹೇಳಿದೆ, ಯಾವ ದಿನ ಸರಿ ಆಯಿತು, ಮೂರೇ ಕಾಲಂ. ಏನೂ ಸಿಗದಿದ್ದರೆ ಗೇಜು, ತೂಕ ಬರೆಯುತ್ತೇನೆ.

ಒಂದು ಚಿಕ್ಕ ಪ್ರಶ್ನೆ ಉಳಿದಿದೆ. ಮೂರು ಸಿಲಿಂಡರ್ ರೀಫಿಲ್‌ಗೆ ಹೋಗಬೇಕು. ಅವು ವಾಪಸ್ಸು ಬರುವವರೆಗೆ ಆ ಜಾಗ ಖಾಲಿ ಬಿಡಬಹುದಾ?


ಕೂಡಿಗೆ ಎಲೆಕ್ಟ್ರಿಷಿಯನ್:

ಬಿಡಬೇಡಿ ತಂಗಿ. ರೀಫಿಲ್ ಮಾಡುವವರ ಹತ್ತಿರ ಬದಲಿ ಸಿಲಿಂಡರ್ ಕೇಳಿ, ಕೊಡುತ್ತಾರೆ. ಕೊಡದಿದ್ದರೆ ಒಂದೊಂದಾಗಿ ಕಳಿಸಿ. ವಾಪಸ್ಸು ಬಂದಾಗ ಸುಮ್ನೆ ಗೋಡೆಗೆ ಸಿಕ್ಕಿಸಬೇಡಿ, ತೂಗಿ, ತಲೆಕೆಳಗು ಮಾಡಿ, ಪೈಪಿನ ಬಾಯಿ ನೋಡಿ ಆಮೇಲೆ ಸಹಿ ಹಾಕಿ. ಪೈಪಿನ ಬಾಯಿಗೆ ತೆಳು ಬಟ್ಟೆ ಕಟ್ಟಬೇಕಾ ಅಂತ ಕೇಳುತ್ತೀರಿ, ಗೊತ್ತು. ಬೇಡ. ಅವಸರದಲ್ಲಿ ಬಿಚ್ಚಲು ಮರೆಯುತ್ತಾರೆ. ತಿಂಗಳಿಗೊಮ್ಮೆ ನೋಡಿದರೆ ಹುಳಕ್ಕೆ ಅಷ್ಟು ಗಟ್ಟಿ ಗೂಡು ಕಟ್ಟಲು ಸಮಯವೇ ಸಿಗುವುದಿಲ್ಲ.


ಲೆಕ್ಕದ ಮೇಜು, ನಾಪೋಕ್ಲು:

ಬದಲಿ ಕೊಡುತ್ತಾರಂತೆ, ಬುಧವಾರ ಬರುತ್ತದೆ. ಅಲ್ಲಿಯವರೆಗೆ ಆಫೀಸಿನ ಒಂದನ್ನು ಹಲ್ಲರ್ ಪಕ್ಕಕ್ಕೆ ಇಳಿಸಿದ್ದೇನೆ.

ನಿನ್ನೆ ರೈಟರ್ ಅಣ್ಣನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಹುಳದ ಗೂಡಿನ ಮಾತು ಕೇಳಿ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, "ಏಳು ನೋಡಿದೆಯಲ್ಲ, ಎಂಟನೆಯದು?" ಕಟ್ಟಡ ಕಟ್ಟಿದ ಹೊಸದರಲ್ಲಿ ತಂದದ್ದು ಇನ್ನೊಂದು ಇದೆಯಂತೆ. ಅಟ್ಟದ ಮೇಲೆ, ಹಳೇ ತಕ್ಕಡಿಯ ಹಿಂದೆ. ರಿಜಿಸ್ಟರಿನಲ್ಲಿ ಯಾವತ್ತೂ ಬಂದೇ ಇಲ್ಲ. ನಾಳೆಗೆ ಏಣಿ ತರಿಸಿದ್ದೇನೆ.